ತಪ್ಪು ನಮ್ಮದೆಂದು ನಿಂತವನು

ಬೆಂಕಿಗೆ ಹಿಡಿದ ಚರ್ಮದ ವಾಸನೆ ಮೂಗಿಗೆ ಬಡಿದಾಗ ನಾನು ನನ್ನ ಭಾಷಣದ ಹಾಳೆಗಳನ್ನು ತಿರುವಿ ಹಾಕುತ್ತಿದ್ದೆ. ಧಾರವಾಡದ ಒಂದು ಕಾನೂನು ಕಾಲೇಜು, ಶ್ರಾವಣದ ಜಿಟಿಜಿಟಿ ಮಳೆ. ಅಪರಾಧ ಕಾನೂನಿನ ಸುಧಾರಣೆಗಳನ್ನು ಸ್ವಾಗತಿಸಿ ಮಾತಾಡಬೇಕೆಂದು ಕರೆದಿದ್ದರು. ಸ್ವಾಗತಿಸಿ ಎಂದೇ ಹೇಳಿದ್ದರು, ಅಂದರೆ ತೀರ್ಪು ಮೊದಲೇ ಆಗಿಬಿಟ್ಟಿತ್ತು, ನನ್ನ ಕೆಲಸ ಹಾರ ಹಾಕುವುದಷ್ಟೇ. ಸಭೆಗೊಂದು ಕಳೆ ಬರಲೆಂದು ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನರ ಕುಣಿತದ ತಂಡವೊಂದನ್ನೂ ಕರೆಸಿದ್ದರು. ಅವರು ಸಭಾಂಗಣದ ಹಿಂದೆ, ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ಕಾಗದ ಉರಿಸಿ ಡಮಾಮಿಯನ್ನು ಕಾಯಿಸುತ್ತಿದ್ದರು. ಡಮಾಮಿ ಎಂದರೆ ಅವರ ಮರದ ವಾದ್ಯ, ಎರಡೂ ಬಾಯಿಗೆ ಚರ್ಮ ಬಿಗಿದದ್ದು. ಮಳೆಗಾಲದಲ್ಲಿ ಚರ್ಮ ತಂಪು ಹಿಡಿದು ಸಡಿಲಾಗುತ್ತದೆ, ಕಾಯಿಸಿದರೆ ಮಾತ್ರ ದನಿ ಏಳುತ್ತದೆ. ಆ ವಾಸನೆಯನ್ನು ಹಿಡಿದು ನಾನು ಹಿಂದಕ್ಕೆ, ಬಾಬಜ್ಜನ ಮಳೆಗಾಲಕ್ಕೆ ಹೋಗಿಬಿಟ್ಟೆ.

ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗಿತ್ತು. ನಾನಾಗ ಹಳಿಯಾಳದಲ್ಲಿ ಅಂಗಡಿ ಎಂಬ ಅಡ್ಡಹೆಸರಿನ ಹಿರಿಯ ವಕೀಲರ ಕೈಕೆಳಗೆ ಕಿರಿಯ ವಕೀಲೆ. ಮನೆ ದಾಂಡೇಲಿಯ ಅಂಬೇವಾಡಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಕಿಟಕಿಯ ಗಾಜು ಇಳಿಯುತ್ತಿರಲಿಲ್ಲ, ಇಳಿದರೆ ಏರುತ್ತಿರಲಿಲ್ಲ, ಎರಡೂ ಹೊತ್ತು ತೋಯುವುದು ತಪ್ಪುತ್ತಿರಲಿಲ್ಲ. ಕರಿಕೋಟಿಗೆ ಬೂಷ್ಟು ಹಿಡಿದು ಬಿಳಿ ಚುಕ್ಕೆ ಏಳುತ್ತಿದ್ದವು. ಅಂಗಡಿ ವಕೀಲರು ಹಣೆತುಂಬ ವಿಭೂತಿ ಹಚ್ಚಿಕೊಂಡು, ಬಾಯಲ್ಲಿ ಅಡಿಕೆ ಹೋಳು ಆಡಿಸುತ್ತ, ಹಳೆಯ ಮರದ ಕುರ್ಚಿಯಲ್ಲಿ ನಿಧಾನಕ್ಕೆ ಕಾಲ ಕಳೆಯುವ ಮನುಷ್ಯ. ನನ್ನ ಸಿಟ್ಟಿನ ಬಗ್ಗೆ ಅವರಿಗೆ ಬಹಳ ಮೋಜು. "ನೀ ವಕೀಲಿ ಅಲ್ಲವ್ವಾ, ಒಗ್ಗರಣಿ. ಎಣ್ಣಿ ಕಾಯೂದರೊಳಗ ಚಟಪಟ ಅಂತಿ," ಎನ್ನುತ್ತಿದ್ದರು. ನಾನು ಚಟಪಟ ಎನ್ನುತ್ತಿದ್ದೆ ಎನ್ನುವುದು ನಿಜ. ಈಗಲೂ ಅನ್ನುತ್ತೇನೆ.

ಅದರ ಹಿಂದಿನ ವರ್ಷವಷ್ಟೇ ವನ್ಯಜೀವಿಗಳ ಕಾನೂನಿಗೆ ತಿದ್ದುಪಡಿಯಾಗಿ ಅದು ಬಿಗಿಯಾಗಿತ್ತು. ಶಿಕ್ಷೆ ಹೆಚ್ಚಾಯಿತು, ಜಾಮೀನು ಕಷ್ಟವಾಯಿತು. ಕಾಡಿನ ನಡುವೆ ಹುಟ್ಟಿ ಬೆಳೆದ ನನಗೂ ಆಗ ಸಂತೋಷವೇ ಆಗಿತ್ತು. ಕಾಡು ಖಾಲಿಯಾಗುವುದನ್ನು ಕಣ್ಣಾರೆ ಕಂಡವರಿಗೆ ಬೇಟೆಗಾರನ ಮೇಲೆ ಕನಿಕರ ಬರುವುದಿಲ್ಲ, ನನಗೂ ಇಲ್ಲ. ಆದರೆ ಒಂದು ಮಾತು. ಕಾನೂನು ಬಿಗಿಯಾಯಿತು ಎಂದು ಎಲ್ಲರೂ ಹೇಳುತ್ತಾರೆ, ಯಾರ ಕೊರಳಿಗೆ ಬಿಗಿಯಾಯಿತು ಎಂದು ಯಾರೂ ಕೇಳುವುದಿಲ್ಲ. ನಾನದನ್ನು ಕೇಳಲು ಕಲಿತದ್ದು ರುಕ್ಮಿ ಬಂದ ದಿನ.

ರುಕ್ಮಿ ಬಂದದ್ದು ಆಷಾಢದ ಒಂದು ಮಧ್ಯಾಹ್ನ, ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು. ಸಾಂಬ್ರಾಣಿ ಎಂಬ ಊರು ದಾಟಿ ಒಳಗೆ ಹೋದರೆ ಸಿಗುವ ಒಂದು ಸಿದ್ದಿ ಕೇರಿಯವಳು. ನನ್ನದೇ ವಯಸ್ಸು, ನನಗಿಂತ ದೊಡ್ಡ ದನಿ. ಬಾಗಿಲಲ್ಲೇ ನಿಂತು ಕೇಳಿದಳು.

"ತಪ್ಪಾತು ಅಂದಾವ್ನ ಜೇಲಿಗೆ ಹಾಕ್ತಾರೇನ್ರೀ?"

"ತಪ್ಪ ಮಾಡಿದ್ರ ಹಾಕ್ತಾರವ್ವಾ," ಎಂದರು ಅಂಗಡಿ ವಕೀಲರು.

"ಮಾಡಿದ್ರ ಅಂತ ಕೇಳ್ಳಿಲ್ರೀ ನಾ. ಅಂದ್ರ ಅಂತ ಕೇಳೇನಿ."

ಅವಳನ್ನು ಕೂರಿಸಿ, ಚಹಾ ತರಿಸಿ, ನಡೆದದ್ದನ್ನು ಬಿಡಿಸಿ ಕೇಳಿದೆವು. ಅವರ ಕೇರಿಯ ಆಚೆಗಿನ ಅಭಯಾರಣ್ಯದಲ್ಲಿ ಜಿಂಕೆ ಹಿಡಿಯುವ ತಂತಿಯ ಉರುಲೊಂದು ಅರಣ್ಯದವರಿಗೆ ಸಿಕ್ಕಿತ್ತು. ಹಾಕಿದವರು ಯಾರೆಂದು ತಿಳಿಯದೆ ಅವರು ಹತ್ತಿರದ ಕೇರಿಗೆ ಬಂದರು. ರುಕ್ಮಿಯ ಅಪ್ಪ ಬಾಬಜ್ಜ ಆ ಕೇರಿಯ ಹಿರಿಯ. ಅವನ ಮನೆಯಲ್ಲಿ ಒಲೆಯ ಮೇಲೆ, ಹೊಗೆಗೆ ಬೆಚ್ಚಗಿರಲಿ ಎಂದು, ಡಮಾಮಿ ತೂಗುತ್ತಿತ್ತು. ಬಾಬಜ್ಜನ ಅಜ್ಜನ ಕಾಲದ್ದು. ಮರ ಎಣ್ಣೆ ಕುಡಿದು ಕರ್ರಗಾಗಿತ್ತು, ಚರ್ಮಕ್ಕೆ ತೇಪೆಯ ಮೇಲೆ ತೇಪೆ. ಚೌತಿಗೆ ಇಳಿಸಿ ಹಿರಿಯರ ಹೆಸರಿನಲ್ಲಿ ಕಾಯಿ ಒಡೆದು ಬಾರಿಸಿದರೆ ಮತ್ತೆ ಮೇಲೆ. ಅಧಿಕಾರಿ ಅದನ್ನು ತೋರಿಸಿ ಯಾವ ಚರ್ಮ ಎಂದು ಕೇಳಿದ. ಜಿಂಕಿದು ಎಂದ ಬಾಬಜ್ಜ, ಇದ್ದದ್ದನ್ನು ಇದ್ದ ಹಾಗೆ. ಯಾರು ಹೊಡೆದದ್ದು, ಉರುಲು ಯಾರದು ಎಂದು ಅಧಿಕಾರಿ ದನಿ ಏರಿಸಿದ. ಆಗ ಬಾಬಜ್ಜ ಒಳಗಿನಿಂದ ತೆಂಗಿನಕಾಯಿ ತಂದು ಅವನ ಬೂಟಿನ ಮುಂದಿಟ್ಟು, ಎದ್ದು ನಿಂತು, ಕೈಮುಗಿದು, "ತಪ್ಪ ನಮ್ಮದೈತ್ರೀ, ಹೊಟ್ಯಾಗ ಹಾಕ್ಕೋರ್ರಿ," ಎಂದನಂತೆ.

ಅಷ್ಟು ಸಾಕಾಯಿತು. ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು, ಡಮಾಮಿಯನ್ನೂ ಅವನನ್ನೂ ಜೀಪಿಗೆ ಹಾಕಿಕೊಂಡು ಹೋದರು. ಉರುಲು ಸಿಕ್ಕದ್ದು ಅಭಯಾರಣ್ಯದಲ್ಲಿ, ಚರ್ಮ ಸಿಕ್ಕದ್ದು ಮನೆಯಲ್ಲಿ, ಮಾತು ಸಿಕ್ಕದ್ದು ಬಾಯಲ್ಲಿ. ಮೂರನ್ನೂ ಒಂದೇ ದಾರಕ್ಕೆ ಪೋಣಿಸಿ ಅಭಯಾರಣ್ಯದೊಳಗೆ ಬೇಟೆಯಾಡಿದ ಆರೋಪ ಹೊರಿಸಿದ್ದರು.

"ಹೊಡದ್ರೇನವ್ವಾ ಅವಗ? ಅಂಜಿಸಿದ್ರೇನು?" ಅಂಗಡಿ ವಕೀಲರು ಆಸೆಯಿಂದಲೇ ಕೇಳಿದರು.

"ಇಲ್ರೀ. ಕಚೇರ್ಯಾಗ ಕುಂದರೋ ಅಂದ್ರಂತ. ಇಡೀ ದಿನ ನಮ್ಮಪ್ಪ ಕುಂದರಲಿಲ್ಲ. ಅದಕ್ಕ ಸೊಕ್ಕ ಅಂತ ಬೈದ್ರಂತ."

ಅವಳು ಹೋದ ಮೇಲೆ ಅಂಗಡಿ ವಕೀಲರು ಅಡಿಕೆ ಉಗುಳಿ ಬಂದು ನನಗೆ ಪಾಠ ಹೇಳಿದರು. ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ, ಇದು ಹಳೆಯ ಕಾಲದಿಂದ ಬಂದ ರಕ್ಷಣೆ. ಆದರೆ ಅರಣ್ಯಾಧಿಕಾರಿ ಪೊಲೀಸ್ ಅಲ್ಲವಂತೆ. ಹಿಡಿಯುತ್ತಾನೆ, ಶೋಧಿಸುತ್ತಾನೆ, ಒಳಗೆ ಹಾಕುತ್ತಾನೆ, ಆದರೂ ಪೊಲೀಸ್ ಅಲ್ಲ, ಹಾಗಾಗಿ ಅವನ ಮುಂದೆ ಆಡಿದ ಮಾತು ನಡೆಯುತ್ತದೆ. ಇನ್ನು ಚರ್ಮ. ಅದು ನಿನ್ನ ಹತ್ತಿರ ಸಿಕ್ಕರೆ ಸರಿಯಾದ ದಾರಿಯಿಂದ ಬಂದದ್ದು ಎಂದು ನೀನೇ ತೋರಿಸಬೇಕು. ಹಳೆಯದಾದರೆ ಇಂತಿಷ್ಟು ದಿನದೊಳಗೆ ಇಲಾಖೆಗೆ ತಿಳಿಸಬೇಕಿತ್ತು, ಆ ದಿನಗಳು ಮುಗಿದುಹೋಗಿದ್ದವು. ಜಾಮೀನಿನ ಹೊಸ ನಿಯಮವಂತೂ ಎಲ್ಲಕ್ಕೂ ಮೇಲೆ. ಆಪಾದಿತ ತಪ್ಪು ಮಾಡಿಲ್ಲ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಮಾತ್ರ ಜಾಮೀನು. ವಿಚಾರಣೆ ಶುರುವಾಗುವುದಕ್ಕೆ ಮೊದಲೇ ನಿರ್ದೋಷಿ ಅನ್ನಿಸಿಕೊಳ್ಳಬೇಕು!

"ಇದು ಎತ್ತು ಈಯಿತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತಲ್ರೀ ಸರ್," ಎಂದೆ. "ದಿನ ಮುಗದ್ವು ಅಂತೀರಿ. ಆ ಕೇರಿಗೆ ಹೇಳಿದವರು ಯಾರು?"

"ಗೆಜೆಟ್ಟಿನಾಗ ಬಂದೈತಿ."

"ಗೆಜೆಟ್ಟು ಆ ಕೇರಿಗೆ ಬರ್ತದೇನ್ರೀ?"

"ಕಾನೂನು ಗೊತ್ತಿರಲಿಲ್ಲ ಅನ್ನೂದು ನೆಪ ಆಗಂಗಿಲ್ಲವ್ವಾ. ಕಾಲೇಜಿನ್ಯಾಗ ಕಲಿಸಲಿಲ್ಲೇನು?"

ಕಲಿಸಿದ್ದರು. ಕಾನೂನು ಎಲ್ಲರಿಗೂ ಮೊದಲೇ ತಿಳಿದಿರಬೇಕು, ತಿಳಿಸುವುದು ರಾಜ್ಯದ ಕರ್ತವ್ಯ ಎಂಬುದನ್ನೂ ಅದೇ ಕಾಲೇಜಿನಲ್ಲಿ ಕಲಿಸಿದ್ದರು, ಆದರೆ ಆ ಪಾಠ ಪರೀಕ್ಷೆಗೆ ಬರುತ್ತಿರಲಿಲ್ಲ. ಹಿಂದೆಲ್ಲ ಸರ್ಕಾರದ ಮಾತನ್ನು ಡಂಗುರ ಹೊಡೆಸಿ ಸಾರುತ್ತಿದ್ದರು. ಆ ಕೇರಿಯಲ್ಲಿ ಡಂಗುರ ಹೊಡೆಯಬೇಕೆಂದರೆ ಇದ್ದ ವಾದ್ಯ ಅದೊಂದೇ, ಬಾಬಜ್ಜನ ಡಮಾಮಿ. ಅದನ್ನೇ ಜಪ್ತಿ ಮಾಡಿ ಕೂತಿದ್ದರು.

ಮೊದಲ ಜಾಮೀನು ಅರ್ಜಿ ವಜಾ ಆಯಿತು. ಸರ್ಕಾರಿ ವಕೀಲರು ಕೆಟ್ಟವರಲ್ಲ, ಸಭ್ಯರು, ಮಳೆ ಜೋರಾದ ದಿನ ನನ್ನನ್ನು ಬಸ್ ನಿಲ್ದಾಣದವರೆಗೆ ತಮ್ಮ ಸ್ಕೂಟರಿನಲ್ಲಿ ಬಿಟ್ಟಿದ್ದೂ ಉಂಟು. ಆದರೆ ಕೋರ್ಟಿನಲ್ಲಿ ನಗುತ್ತಲೇ ಹೇಳಿದರು, "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಾನ. ಇನ್ನೇನ ಬೇಕು?" ಹೊರಗೆ ಬಂದ ಮೇಲೆ ಅಂಗಡಿ ವಕೀಲರು ಉಪಾಯ ಹೇಳಿದರು. ಹೊಡೆದು ಹೇಳಿಸಿದರು ಅಂತ ಬಾಬಜ್ಜ ಒಂದು ಮಾತು ಅಂದರೆ ಆ ತಪ್ಪೊಪ್ಪಿಗೆ ಬಿದ್ದುಹೋಗುತ್ತದೆ. ಎಲ್ಲರೂ ಹಾಗೇ ಮಾಡುವುದು. ಹೋಗಿ ಹೇಳಿಕೊಟ್ಟು ಬಾ.

ಸಬ್‌ಜೈಲಿನಲ್ಲಿ ಮೊದಲ ಸಲ ಬಾಬಜ್ಜನನ್ನು ನೋಡಿದೆ. ಎತ್ತರದ ಆಳು, ಬಿಳಿಯ ಗುಂಗುರು ಕೂದಲು, ಒಂದು ಕಣ್ಣಿಗೆ ಪೊರೆ. ನಾನು ಹೇಳಿದ್ದನ್ನೆಲ್ಲ ತಲೆ ಅಲ್ಲಾಡಿಸದೆ ಕೇಳಿದ.

"ಹೊಡದಿಲ್ಲಲ್ಲವ್ವಾ," ಎಂದ.

"ಇಲ್ಲ ಅಜ್ಜಾ. ಆದ್ರ ಹೊಡದ್ರು ಅಂತ ಅಂದ್ರ ನಿನ್ನ ಬಿಡ್ತಾರ."

"ಹೊಡದ್ರು ಅಂದ್ರ ಅವ್ರ ಮ್ಯಾಲ ಸುಳ್ಳ ತಪ್ಪ ಹೊರಿಸಿದಂಗ. ನನ್ನ ಮ್ಯಾಲ ಅವ್ರು ಹೊರಿಸಿದ್ದು ಅದನ್ನ. ನಂಗೂ ಅವ್ರಿಗೂ ಫರಕ ಏನ ಉಳೀತು?"

"ಹಂಗಾರ ನಾ ತಪ್ಪ ಅಂದೇ ಇಲ್ಲ ಅಂತ ಹೇಳು."

"ಅಂದೇನವ್ವಾ. ಅಂದದ್ದು ಅಂದದ್ದ."

"ಜಿಂಕಿ ಹೊಡದೀ ಏನು?"

"ನಾ ಯಾಕ ಹೊಡೀಲಿ? ನಂಗ ಉರುಲು ಹಾಕಾಕೂ ಬರಂಗಿಲ್ಲ."

"ಮತ್ಯಾಕ ತಪ್ಪ ನಮ್ದು ಅಂದಿ ಅಜ್ಜಾ?" ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಅವನು ನನ್ನನ್ನು ಕನಿಕರದಿಂದ ನೋಡಿದ. "ಹಂಗ ಅನ್ಲಾರ್ದ ಮಾತ ಸುರು ಆಗೂದ ಹೆಂಗವ್ವಾ?" ಎಂದ. ನನಗೆ ಅರ್ಥವಾಗಲಿಲ್ಲ. ಮುಪ್ಪಿನ ಮಾತು ಎಂದುಕೊಂಡು ಎದ್ದು ಬಂದೆ.

ಅರ್ಥವಾದದ್ದು ಕೇರಿಗೆ ಹೋದಾಗ. ಭಾನುವಾರ ಸಾಂಬ್ರಾಣಿಯಲ್ಲಿ ಬಸ್ಸಿಳಿದು ರುಕ್ಮಿಯ ಹಿಂದೆ ಕೆಸರು ತುಳಿಯುತ್ತ ನಡೆದೆ. ನಾಟಿಯ ದಿನಗಳು. ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರು ಮೊಣಕಾಲು ನೀರಿನಿಂದಲೇ ನನ್ನನ್ನು ಮಾತಾಡಿಸಿದರು, ಚಪ್ಪಲಿ ಕೈಯಲ್ಲಿ ಹಿಡಿದ ವಕೀಲಬಾಯಿಯನ್ನು ನೋಡಿ ನಕ್ಕರು. ಆವತ್ತು ಮಧ್ಯಾಹ್ನ ಅಲ್ಲೊಂದು ನ್ಯಾಯವಿತ್ತು. ಯಾರದೋ ಎಮ್ಮೆ ಇನ್ಯಾರದೋ ಸಸಿಮಡಿಗೆ ನುಗ್ಗಿ ಮೇಯ್ದಿತ್ತು. ಬಾಬಜ್ಜನ ಪಡಸಾಲೆಯಲ್ಲೇ ಎಲ್ಲರೂ ಸೇರಿದ್ದರು. ಅವನಿಲ್ಲದ್ದರಿಂದ ಅವನ ಅಕ್ಕ, ಬೆನ್ನು ಬಾಗಿದ ಮುದುಕಿ, ಎಮ್ಮೆಯವನ ಕಡೆಗೆ ಹಿರಿಯಳಾಗಿ ಬಂದಳು. ತೆಂಗಿನಕಾಯಿಯನ್ನು ನಡುವೆ ಇಟ್ಟು, ಕೋಲೂರಿ ನೆಟ್ಟಗೆ ನಿಂತು, ಕೈಮುಗಿದಳು.

"ತಪ್ಪ ನಮ್ಮದೈತಿ, ಹೊಟ್ಯಾಗ ಹಾಕ್ಕೋರ್ರಿ."

ಬಾಬಜ್ಜನನ್ನು ಒಳಗೆ ಹಾಕಿಸಿದ್ದ ಅದೇ ಮಾತು. ಎದುರಿನವರ ಕಡೆಯ ಹಿರಿಯ ತಾನೂ ತಲೆ ಬಾಗಿಸಿದ. ಆಮೇಲೆ, "ನಮ್ಮದೂ ಐತಿ, ಕುಂದರ್ರಿ," ಎಂದ. ಮುದುಕಿ ಕೂತಳು. ಆಮೇಲೆ ಶುರುವಾಯಿತು ನೋಡಿ ಜಗಳ! ಎಮ್ಮೆ ಯಾವಾಗ ಬಂತು, ಬೇಲಿ ಇತ್ತೋ ಇಲ್ಲವೋ, ಕಂಡವರು ಯಾರು, ಗೊರಸು ಯಾರ ಎಮ್ಮೆಯದು. ಒಬ್ಬರ ಮಾತು ಇನ್ನೊಬ್ಬರು ಕತ್ತರಿಸುತ್ತ, ಕೈ ತಟ್ಟುತ್ತ, ನಗುತ್ತ, ಬೈಯುತ್ತ ಎಲ್ಲವನ್ನೂ ಜಾಲಾಡಿದರು. ಕೊನೆಗೆ ಎಮ್ಮೆ ಬೇರೆಯವರದು ಎಂದು ತಿಳಿಯಿತು. ಮುದುಕಿಯ ಕಡೆಯವನದು ಏನೂ ತಪ್ಪಿರಲಿಲ್ಲ. ಎಲ್ಲರೂ ಕಾಯಿ ಒಡೆದು ಬೆಲ್ಲದ ಜೊತೆ ತಿಂದರು, ನನಗೂ ಕೊಟ್ಟರು.

"ತಪ್ಪಿಲ್ಲಂದ್ರೂ ಯಾಕ ತಪ್ಪ ನಮ್ದು ಅಂದ್ಲು ನಿಮ್ಮತ್ತಿ?" ರುಕ್ಮಿಯನ್ನು ಕೇಳಿದೆ.

"ಹಿರ್ಯಾ ಅನ್ನಿಸ್ಕೊಂಡಾವ್ರು ಮೊದಲ ಹಂಗ ಅನ್ಬೇಕ್ರೀ. ಅವ್ರ ತಲಿ ಬಾಗಿದ್ರ ಆ ಕಡಿ ಮಂದೀನೂ ತಲಿ ಬಾಗಸ್ತಾರ. ಇಬ್ರೂ ಬಾಗಸಿದ ಮ್ಯಾಲ ಖರೇ ಹೇಳಾಕ ಅಂಜಿಕಿ ಇರಂಗಿಲ್ಲ. ಆ ಕಡ್ಯಾವ್ರು 'ನಮ್ಮದೂ ಐತಿ' ಅನ್ನೂ ತನಕ ಕುಂದರಬಾರ್ದು, ಅಷ್ಟ."

ಅದಕ್ಕೇ ಬಾಬಜ್ಜ ಅರಣ್ಯದವರ ಕಚೇರಿಯಲ್ಲಿ ಇಡೀ ದಿನ ನಿಂತಿದ್ದ. ಅಧಿಕಾರಿ 'ನಮ್ಮದೂ ಐತಿ' ಎನ್ನಲಿ, ಆಮೇಲೆ ಕೂತು ಎಲ್ಲ ಹೇಳೋಣ ಎಂದು ಕಾಯುತ್ತಿದ್ದ. ಅವನು ನ್ಯಾಯದ ಬಾಗಿಲು ತೆರೆದಿದ್ದ. ಅವರು ಅದೇ ಬಾಗಿಲನ್ನು ಅವನ ಮೇಲೆ ಹಾಕಿ ಚಿಲಕ ಜಡಿದಿದ್ದರು.

ಅಲ್ಲಿಂದ ಹೊರಡುವ ಹೊತ್ತಿಗೆ ಇನ್ನೊಂದು ಮಾತೂ ತಿಳಿಯಿತು. ಬಾಬಜ್ಜ ಒಳಗಿದ್ದಾಗಲೇ, ಹಿಂದಿನ ವಾರ, ಅಣಬೆ ತರಲು ಹೋದ ಹೆಂಗಸರಿಗೆ ಅದೇ ಕಾಡಿನ ಅಂಚಿನಲ್ಲಿ ಮತ್ತೊಂದು ಉರುಲು ಸಿಕ್ಕಿತ್ತು, ಅದರಲ್ಲಿ ಸತ್ತ ಜಿಂಕೆಯೂ ಇತ್ತು. ಅದನ್ನು ಮುಟ್ಟದೆ ಇವರೇ ಓಡಿ ಹೋಗಿ ಗಾರ್ಡಿಗೆ ಹೇಳಿ ಬಂದಿದ್ದರು. "ಹೇಳಾಕೂ ಅಂಜಿಕಿ ಆಗಿತ್ರೀ," ಎಂದಳು ಒಬ್ಬಳು, "ಹೇಳಿದ್ರ ನಾವ ಹಾಕೇವಿ ಅಂತಾರೇನೋ ಅಂತ." ನಾನು ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಕಾಡು ಕಾಯಲು ಬಂದ ಕಾನೂನಿಗೆ ಕಾಡಿನ ಪಕ್ಕದ ಜನವೇ ಹೆದರಿದರೆ ಕಾಡು ಕಾಯುವವರು ಯಾರು?

ಸೋಮವಾರ ಹೊಸ ಜಾಮೀನು ಅರ್ಜಿ ಹಾಕಿದೆ. ಅಂಗಡಿ ವಕೀಲರು ಓದಿ, ಕನ್ನಡಕ ತೆಗೆದು, ಇದರಲ್ಲಿ ಕಾನೂನು ಎಲ್ಲಿದೆ, ಬರೀ ಹಾಡಿದೆ ಎಂದರು. ಆದರೆ ಬೇಡ ಎನ್ನಲಿಲ್ಲ. ವಿಚಾರಣೆಯ ದಿನ ತಾವೂ ಬಂದು ನನ್ನ ಹಿಂದಿನ ಕುರ್ಚಿಯಲ್ಲಿ ಕೂತರು.

ಅವತ್ತು ಮಳೆ ಹೆಂಚಿನ ಮೇಲೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಕೂಗಿ ವಾದಿಸಬೇಕಾಯಿತು. ನನಗದು ಒಳ್ಳೆಯದೇ ಆಯಿತು, ಹೇಗೂ ಕೂಗುವವಳು. ನ್ಯಾಯಾಧೀಶರು ಮೈಸೂರಿನ ಕಡೆಯವರು, ಮಾತು ಕಡಿಮೆ. ನಾನು ಹೇಳಿದೆ, ಕಾಡು ಉಳಿಯಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಕಾನೂನು ತನ್ನ ನಡಿಗೆಯನ್ನು ಬಿಡುವಂತಿಲ್ಲ. ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲದ ಒಂದು ಜಿಂಕೆಯ ಲೆಕ್ಕವನ್ನು, ಅದರ ಚರ್ಮ ಬಿಗಿದವನ ಮೊಮ್ಮಗನಿಂದ ಕೇಳುತ್ತಿದ್ದೇವೆ. ತೋರಿಸುವ ಹೊಣೆ ಸರ್ಕಾರದ್ದು, ಅದಕ್ಕೆ ಜೀಪಿದೆ, ಆಳಿದ್ದಾರೆ, ಅಧಿಕಾರವಿದೆ. ಇವನ ಹತ್ತಿರ ಇರುವುದು ಒಂದು ಮಾತು, ಅದನ್ನೂ ಕಿತ್ತುಕೊಂಡು ಅವನ ವಿರುದ್ಧವೇ ಸಾಕ್ಷಿ ಮಾಡಿದ್ದೇವೆ. ಇಲಿ ಬಂತೆಂದು ಮನೆ ಸುಟ್ಟುಕೊಂಡರೆ ಇಲಿಯೇನೋ ಹೋದೀತು, ಆಮೇಲೆ ಇರುವುದೆಲ್ಲಿ?

ಸರ್ಕಾರಿ ವಕೀಲರು ಎದ್ದು, ಇದು ಭಾಷಣ, ತಿದ್ದುಪಡಿ ಏನು ಹೇಳುತ್ತದೋ ಅದನ್ನು ನೋಡಬೇಕು ಎಂದರು. ಅವರು ಹೇಳಿದ್ದೂ ಸರಿಯೇ. ಆಗ ನಾನು ಅಧಿಕಾರಿಗೆ ಒಂದೇ ಪ್ರಶ್ನೆ ಕೇಳುವಂತೆ ನ್ಯಾಯಾಧೀಶರನ್ನು ಬೇಡಿಕೊಂಡೆ. ಅಧಿಕಾರಿ ಅಲ್ಲೇ ಇದ್ದ. ನ್ಯಾಯಾಧೀಶರು ಕೇಳಿದರು.

"ತಪ್ಪು ನಮ್ಮದು ಎಂದು ಈತ ಹೇಳಿದ ಮೇಲೆ ನೀವೇನು ಕೇಳಿದಿರಿ?"

"ಏನೂ ಕೇಳಲಿಲ್ಲ ಸರ್."

"ಏಕೆ?"

ಅಧಿಕಾರಿಗೆ ಪ್ರಶ್ನೆಯೇ ವಿಚಿತ್ರವೆನ್ನಿಸಿತು. "ಒಪ್ಪಿಕೊಂಡ ಮೇಲೆ ಕೇಳೋದೇನಿದೆ ಸರ್?" ಎಂದ.

ಅವನು ಸುಳ್ಳು ಹೇಳಲಿಲ್ಲ, ಅದು ಅವನ ದೊಡ್ಡಗುಣ. ಸಾಂಬ್ರಾಣಿಯ ಆಚೆಗಿನ ಆ ಕೇರಿಯಲ್ಲಿ ಯಾವ ಮಾತಿನಿಂದ ವಿಚಾರಣೆ ಶುರುವಾಗುತ್ತದೋ, ನಮ್ಮ ಸುಧಾರಿಸಿದ ಕಾನೂನಿನಲ್ಲಿ ಅದೇ ಮಾತಿಗೆ ವಿಚಾರಣೆ ಮುಗಿಯುತ್ತದೆ. ನಾನಿದನ್ನು ಹೇಳಿ, ಎರಡನೆಯ ಉರುಲಿನ ಮಾತೆತ್ತಿದೆ. ಆಪಾದಿತ ಜೈಲಿನಲ್ಲಿದ್ದಾಗ ಅದನ್ನು ಹಾಕಿದವರು ಯಾರು? ಹೌದೇ ಎಂದು ನ್ಯಾಯಾಧೀಶರು ಕೇಳಿದರು. ಸಿಕ್ಕಿದ್ದು ಹೌದು ಎಂದು ಅಧಿಕಾರಿ ತಲೆ ತಗ್ಗಿಸಿದ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕಟಕಟೆಯ ಕಡೆ ನೋಡಿದರು. "ನೀವು ಏನಾದರೂ ಹೇಳುವುದಿದೆಯೇ?"

ನಾನು ಬೇಡ ಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ. ಬಾಬಜ್ಜ ಪೊರೆ ಬಂದ ಕಣ್ಣಿನಿಂದ ಅದನ್ನು ಕಂಡನೋ ಇಲ್ಲವೋ. ಅಧಿಕಾರಿಯ ಕಡೆ ತಿರುಗಿ ಕೈಮುಗಿದ.

"ತಪ್ಪ ನಮ್ಮದೈತ್ರೀ, ಹೊಟ್ಯಾಗ ಹಾಕ್ಕೋರ್ರಿ."

ನನ್ನ ಹಿಂದೆ ಅಂಗಡಿ ವಕೀಲರು ಹಣೆ ಚಚ್ಚಿಕೊಂಡದ್ದು ಕೇಳಿಸಿತು. ಬಾಬಜ್ಜ ಮಾತ್ರ ಕೈಮುಗಿದೇ ನಿಂತಿದ್ದ. ಮಳೆ ಬೀಳುತ್ತಲೇ ಇತ್ತು. ಕೊನೆಗೆ ಸರ್ಕಾರಿ ವಕೀಲರೇ ತಡೆಯಲಾರದೆ, "ಮುಂದ?" ಎಂದರು.

"ಮುಂದ ಅವ್ರ ಮಾತರೀ," ಎಂದ ಬಾಬಜ್ಜ. "ಅವ್ರದ ಎಷ್ಟೈತಿ ಅಂತ ಅವ್ರು ಹೇಳ್ಲಿ. ಆಮ್ಯಾಲ ಕುಂತ ಮಾತಾಡೂಣು."

ಯಾರೂ ನಗಲಿಲ್ಲ. ಅಧಿಕಾರಿ ನೆಲ ನೋಡಿದ. ಇಲಾಖೆಯ ಪರವಾಗಿ ಬಂದವನು ಏನೆಂದು ಹೇಳಿಯಾನು? ಇಲಾಖೆಗೆ ತಪ್ಪು ಎಂಬುದು ಇರುವುದಿಲ್ಲ, ಅದು ಯಾವಾಗಲೂ ಎದುರಿನವನ ಕಡೆಗೇ ಇರುವ ವಸ್ತು.

ಜಾಮೀನು ಸಿಕ್ಕಿತು. ಈ ಮಾತನ್ನು ತಪ್ಪೊಪ್ಪಿಗೆ ಎಂದು ಈ ಹಂತದಲ್ಲಿ ನಂಬಲಾಗದು ಎಂದು ನ್ಯಾಯಾಧೀಶರು ಆದೇಶದಲ್ಲಿ ಬರೆಸಿದರು. ಅವರು ಅಷ್ಟು ಬರೆಸಿದ್ದೇ ದೊಡ್ಡದು, ಹೊಸ ಕಾನೂನು ಅವರ ಕೈಯನ್ನೂ ಕಟ್ಟಿಹಾಕಿತ್ತು. ಅಂಗಡಿ ವಕೀಲರು ನನ್ನ ಬೆನ್ನು ತಟ್ಟಿ, "ಒಗ್ಗರಣಿ ಹತ್ತಿತು ಬಿಡು," ಎಂದರು.

ಬಾಬಜ್ಜ ಹೊರಬರುವ ದಿನ ಇಡೀ ಕೇರಿ ಜೈಲಿನ ಬಾಗಿಲಿಗೆ ಬಂದಿತ್ತು. ಡಮಾಮಿ ಜಪ್ತಿಯಾಗಿತ್ತಲ್ಲ, ಅವರು ಸೀಮೆಎಣ್ಣೆಯ ಡಬ್ಬಿ, ನೀರಿನ ಪ್ಲಾಸ್ಟಿಕ್ ಬ್ಯಾರಲ್ಲು, ಒಂದು ಒಡಕು ಬಕೆಟ್ಟು ತಂದಿದ್ದರು. ಅವನು ಹೊಸ್ತಿಲು ದಾಟಿದ್ದೇ ತಡ, ಎತ್ತಿಕೊಂಡರು ನೋಡಿ ಬಡಿತ! ಮುದುಕಿಯೂ ಕೋಲು ಬೀಸಿ ಕುಣಿದಳು. ಪೇದೆಯೊಬ್ಬ ಓಡಿ ಬಂದು, ಸರ್ಕಾರಿ ಜಾಗ, ನಿಲ್ಲಿಸಿ ಎಂದ. ರುಕ್ಮಿ ಬ್ಯಾರಲ್ಲು ಬಿಡದೆ ಕೂಗಿದಳು.

"ಡಬ್ಬಿ ಬಡ್ಯಾಕೂ ಕಾನೂನು ಬಂದೈತೇನ್ರೀ? ಬಂದಿದ್ರ ಈಗ ಹೇಳ್ರಿ, ಆಮ್ಯಾಲ ದಿನ ಮುಗದಾವ ಅನಬ್ಯಾಡ್ರಿ!"

ಪೇದೆ ನಕ್ಕುಬಿಟ್ಟ. ನಾನೂ ಒದ್ದೆ ಕರಿಕೋಟಿನಲ್ಲೇ ಎರಡು ಹೆಜ್ಜೆ ಹಾಕಿದೆ. ಜೀವನದಲ್ಲಿ ಅದಕ್ಕಿಂತ ಒಳ್ಳೆಯ ವಾದ್ಯ ನಾನು ಕೇಳಿಲ್ಲ.

ಗೆದ್ದೆವು ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಜಾಮೀನು ಗೆಲುವಲ್ಲ. ಪ್ರಕರಣ ವರ್ಷಗಳ ಕಾಲ ನಡೆಯಿತು. ಪ್ರತಿ ತಾರೀಖಿಗೂ ಬಾಬಜ್ಜ ಬಂದ. ನಮ್ಮ ಕಚೇರಿಯಲ್ಲಿ ಚಹಾ ಕುಡಿಯುವಾಗ ಕೂರುತ್ತಿದ್ದ, ಆದರೆ ಕೋರ್ಟಿನ ಪಡಸಾಲೆಯಲ್ಲಿ ಬೆಂಚು ಖಾಲಿ ಇದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದ. ಕೂತುಕೋ ಅಜ್ಜಾ ಎಂದು ಜವಾನನಿಂದ ಹಿಡಿದು ಎಲ್ಲರೂ ಹೇಳಿದರು. "ಅವ್ರು ಇನ್ನೂ ಅಂದಿಲ್ಲಲ್ರೀ," ಎನ್ನುತ್ತಿದ್ದ. ಸಾಕ್ಷಿಗಳ ಸರದಿ ಬರುವ ಮೊದಲೇ ಒಂದು ಬೇಸಿಗೆಯಲ್ಲಿ ತೀರಿಕೊಂಡ. ಆಪಾದಿತ ಸತ್ತಿದ್ದರಿಂದ ಪ್ರಕರಣ ಮುಕ್ತಾಯವಾಯಿತು. ತಪ್ಪಿತಸ್ಥ ಎಂದೂ ಬರೆಯಲಿಲ್ಲ, ನಿರ್ದೋಷಿ ಎಂದೂ ಬರೆಯಲಿಲ್ಲ. ಸುದ್ದಿ ತಿಳಿಸಲು ಬಂದ ರುಕ್ಮಿ ಅಳಲಿಲ್ಲ. "ನಿಂತ ಹೋದಾ ನಮ್ಮಪ್ಪ," ಎಂದಳು. ಅಳುವ ಕೆಲಸ ನಾನು ಮಾಡಿದೆ.

ಡಮಾಮಿಯನ್ನಾದರೂ ಕೊಡಿ ಎಂದು ಅರ್ಜಿ ಹಾಕಿದೆ. ಚರ್ಮ ಸರ್ಕಾರದ ಸ್ವತ್ತು ಎಂದರು. ಹಾಗಾದರೆ ಚರ್ಮ ಬಿಚ್ಚಿಕೊಂಡು ಮರ ಕೊಡಿ ಎಂದೆ. ಮರವೂ ಕಾಡಿನದೇ, ಸರಿಯಾದ ದಾರಿಯಿಂದ ಬಂದದ್ದಕ್ಕೆ ಪುರಾವೆ ತನ್ನಿ ಎಂದರು. ಉರುಲು ಹಾಕಿದವರು ಯಾರೆಂದು ಇಂದಿಗೂ ತಿಳಿದಿಲ್ಲ. ಯಾರೂ ಹುಡುಕಲೇ ಇಲ್ಲವಲ್ಲ, ಒಪ್ಪಿಕೊಂಡವನು ಸಿಕ್ಕಿದ ಮೇಲೆ ಹುಡುಕುವುದೇನಿತ್ತು?

ಇದೆಲ್ಲ ನೆನಪಾಗಿ, ಧಾರವಾಡದ ಆ ಕಾಲೇಜಿನಲ್ಲಿ, ನಾನು ಹಾಳೆಗಳನ್ನು ಅಲ್ಲೇ ಬಿಟ್ಟು ಸೈಕಲ್ ಸ್ಟ್ಯಾಂಡಿಗೆ ಹೋದೆ. ಉರಿಯ ಮುಂದೆ ವಾದ್ಯ ತಿರುಗಿಸುತ್ತಿದ್ದವಳು ತಲೆ ಎತ್ತಿದಳು. ರುಕ್ಮಿ. ಕೂದಲು ಅಪ್ಪನ ಹಾಗೇ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು.

"ಇದ್ಯಾವ ಚರ್ಮ?" ಎಂದೆ ನಗುತ್ತ.

"ಆಡಿಂದು. ಕೊಂಡ ರಸೀದಿ ಸೈತ ಸೊಂಟದಾಗ ಇಟ್ಕೊಂಡ ಕುಣೀತೇನಿ. ತೋರಿಸ್ಲೇನು?" ಎಂದು ಸೆರಗಿನ ಗಂಟು ತಟ್ಟಿದಳು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದಳು. "ಸಿಟ್ಟ ಇನ್ನೂ ಐತೇನ್ರೀ ವಕೀಲಬಾಯಾರ?"

"ಐತಿ."

"ಛಲೋ ಆತು. ಆರಾಕ ಬಿಡಬ್ಯಾಡ್ರಿ."

ಪೂಜೆಗೆ ತಂದಿದ್ದ ಅವಳ ತೆಂಗಿನಕಾಯಿಯೊಂದನ್ನು ಕೇಳಿ ತೆಗೆದುಕೊಂಡೆ. ನನ್ನ ಸರದಿ ಬಂದಾಗ ವೇದಿಕೆ ಹತ್ತಿದೆ. ಮುಂದಿನ ಸಾಲಿನಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು, ಪ್ರಾಧ್ಯಾಪಕರು, ಕಾನೂನು ತಿದ್ದುವುದರಲ್ಲಿ ಕೈಯಾಡಿಸಿದವರು. ಹಿಂದೆ ನಾಳೆಯ ವಕೀಲರಾಗುವ ಮಕ್ಕಳು. ಕಾಯಿಯನ್ನು ಮೇಜಿನ ಮೇಲಿಟ್ಟು, ನೆಟ್ಟಗೆ ನಿಂತು, ಕೈಮುಗಿದೆ. ನಾನೂ ಕಾನೂನಿನ ಕಡೆಯವಳೇ, ಅದರ ಅನ್ನ ತಿಂದವಳೇ.

"ತಪ್ಪ ನಮ್ಮದೈತ್ರೀ," ಎಂದೆ. "ಹೊಟ್ಯಾಗ ಹಾಕ್ಕೋರ್ರಿ."

ಸಭೆ ಪಿಳಿಪಿಳಿ ನೋಡಿತು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡು, ಮುಂದುವರಿಸಿ ಮೇಡಂ ಎಂದು ಪಿಸುಗುಟ್ಟಿದರು. ನಾನು ಬಾಬಜ್ಜನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಇಲ್ಲಿ ಹೇಳಿದ ಹಾಗೇ. ಮುಗಿಸಿದ ಮೇಲೆ ಮುಂದಿನ ಸಾಲನ್ನು ನೋಡುತ್ತ ಕೈಮುಗಿದೇ ನಿಂತೆ.

"ದಯವಿಟ್ಟು ಕೂತುಕೊಳ್ಳಿ ಮೇಡಂ," ಎಂದರು ಅಧ್ಯಕ್ಷರು.

"ಇಲ್ರೀ," ಎಂದೆ. "ನೀವಿನ್ನೂ ಅಂದಿಲ್ಲ."